ಪುಟ್ಟಲಿಂಗಯ್ಯನ ನಾಬು

ಪೆನ್ಷನ್ ಮೊಹಲ್ಲಾದ ನಮ್ಮ ಮನೆಯಲ್ಲಿ ಮೊದಲು
ಸೌದೆ ಒಟ್ಟುತ್ತಿದ್ದ ಕೋಣೆ, ಈಗ ಸ್ಟುಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ, ಸಾಲದೆ
ಅಜ್ಜಿಯ ಕರಿಕಂಬಳಿ ಇಳಿಬಿಟ್ಟಿದ್ದೇನೆ.
ಒಳಗೆ ನಿಂತು ಚಪ್ಪಾಳೆ ತಟ್ಟಿದರೆ
ಕೈ ಮಾತ್ರ ಕೇಳುತ್ತದೆ, ಕೋಣೆ ಕೇಳುವುದಿಲ್ಲ.

ಹಾಡುವವರು ಇಲ್ಲಿಗೆ ಬರುವುದು ಅಪರೂಪ.
ಬರುವವರು ಬಿತ್ತನೆ ಆಲೂಗಡ್ಡೆಯ ಮಂಡಿಯವರು,
ಬೆಡ್‌ಶೀಟು ಮಾರುವ ಆಟೋದವರು,
ತಲೆಗೂದಲಿಗೆ ಪಾತ್ರೆ ಕೊಡುವ ತಳ್ಳುಗಾಡಿಯ ದಂಪತಿ.
ಒಂದು ನಿಮಿಷದ ಕೂಗು, ಮುನ್ನೂರು ರೂಪಾಯಿ.
ಪೆನ್‌ಡ್ರೈವ್ ಅವರದೇ.

ಕೂಗುವುದು ಪುಟ್ಟಲಿಂಗಯ್ಯ.
ಮೂವತ್ತೊಂದು ವರ್ಷ ಜೀಪಿನ ಮೇಲೆ
ಹಾರನ್ ಮೈಕಿನ ಬಾಯಿಗೆ ಕಿವಿ ಕೊಟ್ಟು ಕೂತು
ಪೋಲಿಯೋ ಹನಿ, ಓಟು, ಸರ್ಕಸ್ಸು, ಸಾವು
ಎಲ್ಲ ಸಾರಿದ ಗಂಟಲು.
ಹೆಣ್ಣುದನಿಗೆ ಜಬೀನಾ, ಬಿ.ಎಡ್. ಓದುತ್ತಾಳೆ,
‘ಳ’ಕಾರವನ್ನು ಅಷ್ಟು ಉರುಟಾಗಿ ಈ ಬೀದಿಯಲ್ಲಿ ಯಾರೂ ಉರುಳಿಸರು.
ಶುರುವಿನ ಎರಡು ಸೆಕೆಂಡು ಡೋಲು ಬಡಿಯಲು ತಿಮ್ಮೇಶಿ.
ನಾನು ಗುಂಡಿ ಒತ್ತುವವನು.

ನಾಲ್ಕು ತಲೆ, ಒಂದೇ ತೂತು.
ಐವತ್ತು ರೂಪಾಯಿಯ ಕವಲು ವೈರು ಸಿಕ್ಕಿಸಿ
ಇದ್ದ ಒಂದು ದನಿಯನ್ನು ನಾಲ್ಕು ಪಾಲು ಮಾಡಿದ್ದೆ.
ಅಣ್ಣತಮ್ಮಂದಿರ ಹೊಲದ ಹಾಗೆ
ಪಾಲಾದಷ್ಟೂ ಯಾರಿಗೂ ಸಾಲದು.
ಪುಟ್ಟಲಿಂಗಯ್ಯ “ಇನ್ನೂ” ಅನ್ನುತ್ತಾರೆ.
ಏರಿಸಿದರೆ ಜಬೀನಾ ಕಿವಿ ಮುಚ್ಚುತ್ತಾಳೆ.
ಏರಿಸಿದ್ದು ಅವರ ಹೆಡ್‌ಫೋನಿನಿಂದ ಸೋರಿ
ಮೈಕಿಗೆ ಬಿದ್ದು
ಬಿತ್ತನೆ ಆಲೂಗಡ್ಡೆಯ ಹಿಂದೆ ಮತ್ತೊಂದು
ತೆಳ್ಳನೆಯ ಆಲೂಗಡ್ಡೆ.

ಅದಕ್ಕೇ ಹೋದದ್ದು ಬಿ.ಎಂ. ರಸ್ತೆಯ ಅಂಗಡಿಗೆ.
ಗಾಜಿನೊಳಗೆ ಎರಡು ಆಂಪ್ಲಿಫೈಯರ್.
ಒಂದು ಕಪ್ಪು, ಅಂಗೈಯಗಲ, ಒಂದೇ ನಾಬು,
ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿದಂತೆ.
ಕಿವಿಗಿಟ್ಟರೆ ಮೊದಲು ಏನೂ ಇಲ್ಲ,
ನನ್ನದೇ ನೆತ್ತರು ಓಡುವ ಸದ್ದು; ಆಮೇಲೆ
ಹಾಡುವವಳು ಹಾಡುವ ಮುಂಚೆ
ತುಟಿ ಬಿಡಿಸಿಕೊಂಡ ತೇವ.
ಇನ್ನೊಂದು ಬೂದು ತಗಡಿನ ಪೆಟ್ಟಿಗೆ, ನಾಲ್ಕು ನಾಬು.
ಹಚ್ಚಿದೊಡನೆ, ಒಗ್ಗರಣೆ ಮುಗಿದ ಬಾಣಲೆಗೆ
ನೀರು ಬಿದ್ದ ಹಾಗೆ, ಸಣ್ಣಗೆ ಸುಯ್ಯೆನ್ನುತ್ತದೆ.

ಅಂಗಡಿಯ ಹುಡುಗ ಲೆಕ್ಕ ಹೇಳಿದ:
ಮೂವತ್ತೆರಡು ಓಮ್, ಇನ್ನೂರೈವತ್ತು ಓಮ್,
ಓಮ್ ಜಾಸ್ತಿಯಾದರೆ ಜಾಸ್ತಿ ನೂಕಬೇಕು ಸಾರ್,
ಏರಿನಲ್ಲಿ ಗಾಡಿ ಇದ್ದ ಹಾಗೆ.
ರೇಡಿಯೋ ರಿಪೇರಿಗೆ ಬಂದಿದ್ದ ಅಜ್ಜಿಯೊಬ್ಬರು
ಚಪ್ಪಲಿ ಬಿಡಬೇಕಿತ್ತೇನೋ ಎಂಬಂತೆ
ಕಾಲು ನೋಡಿಕೊಂಡರು.

ಬೆಲೆ ಹೆಚ್ಚೂಕಮ್ಮಿ ಒಂದೇ.
ಸುಳ್ಳೇಕೆ, ಮನಸ್ಸು ಕಪ್ಪಿನ ಕಡೆಗೇ.
ಎಲ್ಲರೂ ಹೋದ ಮೇಲೆ, ಗೂಡ್ಸ್ ಗಾಡಿಯೂ ದಾಟಿದ ಮೇಲೆ,
ನಾನೊಬ್ಬನೇ ಕೂತು ಆ ತೇವವನ್ನು...
ನಾಳೆ ಹೇಳುತ್ತೇನೆಂದು ಬಂದೆ.

ಮಾರನೆಯ ದಿನ ಬೆಡ್‌ಶೀಟಿನ ಕೂಗು.
ಪುಟ್ಟಲಿಂಗಯ್ಯ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟರು.
“ಹುಡುಗಿಗೆ ನೋವಾಗ್ತದೆ. ನೀನು ಕೈ ಎತ್ತು, ನಾನು ಹೇಳ್ತೀನಿ.”
ಎತ್ತಿದೆ. ಹೇಳಿದರು. ಒಂದು ಗುಕ್ಕು ತಡ.
ಮತ್ತೆ ಎತ್ತಿದೆ. ಮತ್ತೆ ಅಷ್ಟೇ ತಡ.
ಅವರ ಕಣ್ಣು ನನ್ನ ಕೈಮೇಲೆ ಇರಲಿಲ್ಲ,
ಜಬೀನಾಳ ತುಟಿಯ ಮೇಲಿತ್ತು.
ಎಷ್ಟು ತಿಂಗಳಿಂದ ಹೀಗೆ, ಕೇಳಲಿಲ್ಲ.

ಬೂದು ಪೆಟ್ಟಿಗೆ ತಂದೆ.
ಎರಡನೆಯ ನಾಬು ಜಬೀನಾಳದು, ಒಂಬತ್ತು ಗಂಟೆಯ ಮುಳ್ಳಿನಲ್ಲಿ ನಿಂತಿತು.
ತಿಮ್ಮೇಶಿಯದು, ನನ್ನದು, ಎಲ್ಲೋ ನಡುವೆ.
ಮೊದಲನೆಯದನ್ನು ಪುಟ್ಟಲಿಂಗಯ್ಯ ತಾವೇ
ಕೊನೆಮುಟ್ಟ ತಿರುಗಿಸಿದರು.
ಸೋರದಿರಲೆಂದು ಅವರ ತಲೆಗೆ
ಟವೆಲ್ಲು ಸುತ್ತಿದ್ದೆವು, ಹೆರಿಗೆಮನೆಯ ಬಾಣಂತಿಯಂತೆ.

ಇನ್ನೂ ಯಾರೂ ಬಾಯಿ ತೆರೆದಿರಲಿಲ್ಲ.
ಅವರು ತಟ್ಟನೆ ಬಾಗಿಲ ಕಡೆ ನೋಡಿದರು:
“ಮಳೆ ಬಂತು ಕಣ್ರೋ. ಹೊರಗೆ ನನ್ನ ಚಪ್ಪಲಿ.”

ಬಾಗಿಲ ಸಂದಿಯಲ್ಲಿ ಸುಡುಬಿಸಿಲು.
ತಿಮ್ಮೇಶಿ ನನ್ನ ಮುಖ ನೋಡಿದ.
ಜಬೀನಾ ಎದ್ದು ಹೊರಗೆ ಹೋಗಿ ಬಂದಳು.
“ಒಳಗಿಟ್ಟಿದ್ದೀನಿ ಅಯ್ಯಾ. ನೀವು ಹೇಳಿ.”